ಎಂಜಲು ಮಂದವಾಗುವುದೇಕೆ, ಅದನ್ನು ತಿಳಿಯಾಗಿಸುವುದು ಹೇಗೆ

ಬೆಳಿಗ್ಗೆ ಕಣ್ಣು ಬಿಟ್ಟಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿಕೊಂಡು ಬಾಯಿ ತೆರೆದರೆ ಮೇಲ್ದುಟಿಯಿಂದ ಕೆಳದುಟಿಗೆ ಬಿಳಿಯ ಎಳೆಯೊಂದು ಜಗ್ಗಿಕೊಂಡು ನಿಲ್ಲುತ್ತದೆ. ಉಗುಳಲು ಹೋದರೆ ಕಡಿದು ಬೀಳದೆ ಜೋತಾಡುತ್ತದೆ. ನುಂಗಲು ಹೋದರೆ ಗಂಟಲಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಂತಾಗಿ ಓಕರಿಕೆ ಬರುತ್ತದೆ. ಈ ತೊಂದರೆ ಇರುವವರು ಅದನ್ನು ಹೇಳಿಕೊಳ್ಳಲು ಹಿಂಜರಿಯುತ್ತಾರೆ, ಹೇಳಿಕೊಂಡರೂ ‘ಬಾಯಲ್ಲಿ ಜೊಲ್ಲು ಜಾಸ್ತಿಯಾಗಿದೆ’ ಎಂದೇ ಹೇಳುತ್ತಾರೆ. ಬಾಯಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಅಂಥವರ ಲಾಲಾರಸವನ್ನು ಸಂಗ್ರಹಿಸಿ ಅಳೆದು ನೋಡಿದರೆ ಬಹಳಷ್ಟು ಸಂದರ್ಭಗಳಲ್ಲಿ ಅದು ಇರಬೇಕಾದುದಕ್ಕಿಂತ ಕಡಿಮೆಯೇ ಇರುತ್ತದೆ. ನೀರು ಹೋಗಿದೆ, ಲೋಳೆ ಉಳಿದಿದೆ. ಇದನ್ನು ಅರಿಯದೆ ಜೊಲ್ಲನ್ನು ಒಣಗಿಸುವ ಔಷಧಿಗೆ ಕೈಹಾಕಿದವರ ಕಷ್ಟ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ; ಆದ್ದರಿಂದ ಮೊದಲು ತಿಳಿಯಬೇಕಾದದ್ದು ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು.

ಆರೋಗ್ಯವಂತ ವಯಸ್ಕರ ಬಾಯಿಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಸ್ರವಿಸುತ್ತದೆ, ಅದರಲ್ಲಿ ಶೇ. 99ರಷ್ಟು ನೀರೇ. ಉಳಿದ ಅತ್ಯಲ್ಪ ಭಾಗದಲ್ಲಿ ಲವಣಗಳು, ಪಿಷ್ಟವನ್ನು ಒಡೆಯುವ ಕಿಣ್ವ, ರೋಗಾಣುಗಳನ್ನು ತಡೆಯುವ ಪ್ರೋಟೀನುಗಳು ಹಾಗೂ ಮ್ಯೂಸಿನ್ ಎಂಬ ಲೋಳೆಯ ಪದಾರ್ಥ ಇರುತ್ತವೆ. ಎಂಜಲಿಗೆ ಅಂಟುಗುಣವನ್ನು ಕೊಡುವುದು ಈ ಮ್ಯೂಸಿನ್. ಅದು ಬಹಳ ಉದ್ದನೆಯ ಪ್ರೋಟೀನಿನ ನೂಲು. ನೂಲಿನ ಉದ್ದಕ್ಕೂ ಸಕ್ಕರೆಯ ಸರಪಳಿಗಳು ಕುಂಚದ ಕೂದಲಿನಂತೆ ಹೊರಚಾಚಿಕೊಂಡು ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಸಾಕಷ್ಟು ನೀರಿದ್ದಾಗ ಒಂದು ನೂಲು ಇನ್ನೊಂದರ ಮೇಲೆ ಸರಾಗವಾಗಿ ಜಾರುತ್ತದೆ. ತುತ್ತು ನುಣುಪಾಗಿ ಗಂಟಲಿಗೆ ಇಳಿಯುವುದು, ಮಾತನಾಡುವಾಗ ನಾಲಿಗೆ ಹಲ್ಲಿಗೆ ತಾಗಿಯೂ ಉಜ್ಜಿಹೋಗದಿರುವುದು ಈ ಜಾರುವಿಕೆಯಿಂದಲೇ. ನೀರು ಕಡಿಮೆಯಾದಂತೆ ನೂಲುಗಳು ಒತ್ತೊತ್ತಾಗಿ ಸಿಕ್ಕುಬೀಳುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಹನಿ ಎಂಜಲನ್ನಿಟ್ಟು ನಿಧಾನವಾಗಿ ಅಗಲಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ತಿಳಿಯಾದ ಎಂಜಲು ಬೇಗನೆ ಕಡಿದುಹೋಗುತ್ತದೆ, ಮಂದವಾದದ್ದು ಎಳೆಯಾಗಿ ಹಿಗ್ಗುತ್ತಲೇ ಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸದೆ ಈ ವಿಷಯ ಪೂರ್ತಿ ಅರ್ಥವಾಗುವುದಿಲ್ಲ. ಎಲ್ಲ ಲಾಲಾಗ್ರಂಥಿಗಳೂ ಒಂದೇ ಬಗೆಯ ರಸವನ್ನು ಕೊಡುವುದಿಲ್ಲ. ಕಿವಿಯ ಮುಂದೆ, ಕೆನ್ನೆಯ ಒಳಗಿರುವ ದೊಡ್ಡ ಗ್ರಂಥಿ, ಅಂದರೆ ಮಂಗನಬಾವು ಬಂದಾಗ ಊದಿಕೊಳ್ಳುವ ಗ್ರಂಥಿ, ನೀರಿನಂಥ ತೆಳುವಾದ ರಸವನ್ನು ಸ್ರವಿಸುತ್ತದೆ. ನಾಲಿಗೆಯ ಕೆಳಗಿನ ಗ್ರಂಥಿಗಳು ಹಾಗೂ ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ನೂರಾರು ಸಂಖ್ಯೆಯಲ್ಲಿ ಹರಡಿಕೊಂಡಿರುವ ಸಣ್ಣ ಗ್ರಂಥಿಗಳು ಬಹುಪಾಲು ಲೋಳೆಯನ್ನೇ ಸ್ರವಿಸುತ್ತವೆ. ಕೆಳದವಡೆಯ ಅಡಿಯಲ್ಲಿರುವ ಜೋಡಿ ಗ್ರಂಥಿಗಳದ್ದು ಎರಡೂ ಬೆರೆತ ರಸ. ನಾವು ಸುಮ್ಮನೆ ಕುಳಿತಿರುವಾಗ ಬಾಯಿಯಲ್ಲಿರುವ ಎಂಜಲಿನ ಹೆಚ್ಚಿನ ಪಾಲು ಇವುಗಳದ್ದೇ. ಊಟದ ವೇಳೆಯಲ್ಲಿ, ಜಗಿಯುವಾಗ, ಕೆನ್ನೆಯ ಗ್ರಂಥಿ ಜೋರಾಗಿ ಕೆಲಸ ಮಾಡಿ ನೀರನ್ನು ಹರಿಸುತ್ತದೆ. ಹೀಗಿರುವಾಗ ಯಾವುದೋ ಕಾರಣದಿಂದ ಕೆನ್ನೆಯ ಗ್ರಂಥಿಗಳು ಸೊರಗಿ, ನಾಲಿಗೆಯ ಕೆಳಗಿನವೂ ತುಟಿಯ ಒಳಗಿನವೂ ಎಂದಿನಂತೆ ಇದ್ದರೆ ಏನಾದೀತು? ಲೋಳೆ ಮೊದಲಿನಷ್ಟೇ ಬರುತ್ತಿರುತ್ತದೆ, ಅದನ್ನು ತೆಳುಗೊಳಿಸುವ ನೀರು ಬರುವುದಿಲ್ಲ. ಬಾಯಿ ಒಣಗಿದೆ, ಆದರೂ ಬಾಯಿತುಂಬ ಅಂಟು ಎಂದು ರೋಗಿಗಳು ಹೇಳುವ ಮಾತಿನಲ್ಲಿ ವಿರೋಧಾಭಾಸವೇನೂ ಇಲ್ಲ. ಅವರು ತಮ್ಮ ಬಾಯಿಯಲ್ಲಿ ನಡೆಯುತ್ತಿರುವುದನ್ನು ಕರಾರುವಾಕ್ಕಾಗಿ ಹೇಳುತ್ತಿದ್ದಾರೆ.

ನರಗಳ ಪಾತ್ರವೂ ಇದರಲ್ಲಿದೆ. ದೇಹ ನೆಮ್ಮದಿಯಾಗಿರುವಾಗ ಪ್ಯಾರಾಸಿಂಪಥೆಟಿಕ್ ನರಗಳು ಗ್ರಂಥಿಗಳಿಂದ ಧಾರಾಳವಾಗಿ ನೀರಿನಂಥ ರಸವನ್ನು ಹೊರಡಿಸುತ್ತವೆ, ಬಾಯಲ್ಲಿ ನೀರೂರುವುದು ಈ ನರಗಳ ಕೆಲಸ. ಹೆದರಿಕೆ, ಉದ್ವೇಗಗಳಲ್ಲಿ ಈ ನರಗಳ ಕೆಲಸ ತಗ್ಗುತ್ತದೆ. ಆಗ ದೇಹವನ್ನು ಅಪಾಯಕ್ಕೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳ ಪ್ರಭಾವದಲ್ಲಿ ಬರುವ ಅಲ್ಪ ರಸದಲ್ಲಿ ಪ್ರೋಟೀನಿನ ಅಂಶ ಹೆಚ್ಚು. ಭಯವಾದಾಗ ಬಾಯಿಯ ಪಸೆ ಆರಿತು ಎಂದು ನಾವು ಹೇಳುವುದು ಇದನ್ನೇ. ದೀರ್ಘಕಾಲದ ಆತಂಕದಲ್ಲಿರುವವರ ಎಂಜಲು ದಿನವಿಡೀ ಅಂಟಂಟಾಗಿರುವುದಕ್ಕೂ ಇದೊಂದು ಕಾರಣ. ನಿದ್ರೆಯಲ್ಲಂತೂ ಸ್ರಾವ ಬಹುತೇಕ ನಿಂತೇಹೋಗುತ್ತದೆ. ಬೆಳಗಿನ ಹೊತ್ತು ಮಾತ್ರ ಸ್ವಲ್ಪ ಅಂಟಾಗಿದ್ದು ಒಂದು ಲೋಟ ನೀರು ಕುಡಿದ ಮೇಲೆ ಸರಿಹೋಗುವುದಾದರೆ ಚಿಂತಿಸಬೇಕಾಗಿಲ್ಲ.

ಸಾಮಾನ್ಯ ಕಾರಣಗಳಲ್ಲಿ ಮೊದಲು ಹೇಳಬೇಕಾದವು ಎರಡು: ದೇಹಕ್ಕೆ ನೀರು ಸಾಲದಿರುವುದು ಮತ್ತು ಬಾಯಿಯಿಂದ ಉಸಿರಾಡುವುದು. ಮೂಗು ಕಟ್ಟಿದವರು, ಗೊರಕೆ ಹೊಡೆಯುವವರು, ನಿದ್ರೆಯ ಉಸಿರುಕಟ್ಟುವಿಕೆಗಾಗಿ ಗಾಳಿ ಒತ್ತುವ ಯಂತ್ರವನ್ನು ಬಳಸುವವರು ರಾತ್ರಿಯಿಡೀ ಬಾಯಿಯ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತಿರುತ್ತಾರೆ. ತಂಬಾಕು, ಮದ್ಯ, ಜ್ವರ, ವಾಂತಿಭೇದಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇವೆಲ್ಲವೂ ಸಾಲಿಗೆ ಸೇರುತ್ತವೆ.

ಮೂರನೆಯದು ಔಷಧಿಗಳು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಾರಣ ಮನೆಯ ಔಷಧಿ ಡಬ್ಬಿಯಲ್ಲೇ ಇದ್ದರೂ ಕಣ್ಣಿಗೆ ಬೀಳದೆ ಹೋಗುವುದೇ ಹೆಚ್ಚು. ನೆಗಡಿ, ಅಲರ್ಜಿಗೆ ಕೊಡುವ ಹಳೆಯ ಬಗೆಯ ಆಂಟಿಹಿಸ್ಟಮಿನ್ ಮಾತ್ರೆಗಳು, ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಔಷಧಿಗಳು, ಮೂತ್ರಕೋಶದ ತುರ್ತನ್ನು ತಗ್ಗಿಸುವ ಆಕ್ಸಿಬ್ಯುಟಿನಿನ್‌ನಂಥವು, ಕೆಲವು ಮನೋರೋಗದ ಔಷಧಿಗಳು ಇವೆಲ್ಲ ಗ್ರಂಥಿಗೆ ಬರುವ ಪ್ಯಾರಾಸಿಂಪಥೆಟಿಕ್ ನರದ ಸಂದೇಶವನ್ನೇ ತಡೆಯುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನೇ ಕಡಿಮೆ ಮಾಡುತ್ತವೆ. ಒಂದೊಂದೂ ಪ್ರತ್ಯೇಕವಾಗಿ ಸಣ್ಣ ಪರಿಣಾಮದ್ದಾಗಿರಬಹುದು, ಆದರೆ ವಯಸ್ಸಾದವರು ನಾಲ್ಕೈದು ಔಷಧಿಗಳನ್ನು ಒಟ್ಟಿಗೆ ಸೇವಿಸುವಾಗ ಪರಿಣಾಮ ಕೂಡಿಕೊಳ್ಳುತ್ತದೆ. ಇಲ್ಲೊಂದು ವಿಷಚಕ್ರವೂ ಉಂಟು. ಎಂಜಲು ಗಂಟಲಲ್ಲಿ ಅಂಟಿಕೊಂಡಾಗ ಅದನ್ನು ಕಫವೆಂದು ಭಾವಿಸಿ ನೆಗಡಿ ಮಾತ್ರೆ ನುಂಗಿದರೆ ಆ ಮಾತ್ರೆ ಉಳಿದ ನೀರನ್ನೂ ಒಣಗಿಸುತ್ತದೆ, ಎಂಜಲು ಇನ್ನಷ್ಟು ಮಂದವಾಗುತ್ತದೆ, ಮತ್ತೊಂದು ಮಾತ್ರೆಯ ಅಗತ್ಯ ಬಿದ್ದಂತೆ ತೋರುತ್ತದೆ. ಹಾಗೆಂದು ವೈದ್ಯರು ಬರೆದುಕೊಟ್ಟ ಔಷಧಿಯನ್ನು ತಾನಾಗಿ ನಿಲ್ಲಿಸುವುದು ಅಪಾಯಕಾರಿ. ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು, ಅಂಗಡಿಯಿಂದ ನೇರವಾಗಿ ತಂದವುಗಳನ್ನೂ ಸೇರಿಸಿ, ವೈದ್ಯರ ಮುಂದಿಟ್ಟು ಯಾವುದನ್ನು ಬದಲಿಸಬಹುದು, ಯಾವುದರ ಪ್ರಮಾಣ ಇಳಿಸಬಹುದು ಎಂದು ಕೇಳುವುದೇ ಸರಿಯಾದ ದಾರಿ.

ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರಲ್ಲಿ ಈ ತೊಂದರೆ ಅತ್ಯಂತ ತೀವ್ರವಾಗಿ ಕಾಣಿಸಿಕೊಳ್ಳುತ್ತದೆ. ನೀರಿನಂಥ ರಸವನ್ನು ತಯಾರಿಸುವ ಜೀವಕೋಶಗಳು ವಿಕಿರಣಕ್ಕೆ ಬಹಳ ಬೇಗ ಬಲಿಯಾಗುತ್ತವೆ. ಆರು ಏಳು ವಾರಗಳ ಚಿಕಿತ್ಸೆಯಲ್ಲಿ ಮೊದಲ ವಾರದಲ್ಲೇ ಸ್ರಾವ ಇಳಿಯತೊಡಗುತ್ತದೆ, ಲೋಳೆಯ ಕೋಶಗಳು ಇನ್ನೂ ಕೆಲಕಾಲ ತಾಳಿಕೊಳ್ಳುತ್ತವೆ. ಗಡ್ಡೆಗೆ ಸಾಮಾನ್ಯವಾಗಿ 60ರಿಂದ 70 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದ ವಿಕಿರಣ ಬೇಕಾದರೆ, ಕೆನ್ನೆಯ ಗ್ರಂಥಿಗಳಿಗೆ ತಗಲುವ ಸರಾಸರಿಯನ್ನು ಸುಮಾರು 25 ಗ್ರೇಗಿಂತ ಕೆಳಗಿಟ್ಟರೆ ಅವು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಕಿರಣದ ತೀವ್ರತೆಯನ್ನು ಕೋನಕೋನಕ್ಕೂ ಬದಲಿಸಿ ಗ್ರಂಥಿಯನ್ನು ಉಳಿಸುವ ಐಎಂಆರ್‌ಟಿ ವಿಧಾನದ ದೊಡ್ಡ ಪ್ರಯೋಜನ ಇದೇ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ಒಂದೆರಡು ವರ್ಷ, ನಿಧಾನವಾಗಿ ಸುಧಾರಣೆ ಮುಂದುವರಿಯುತ್ತದೆ. ಕೆಲವರಿಗೆ ಪೂರ್ತಿ ಮರಳುವುದಿಲ್ಲ. ಈ ದಿನಗಳಲ್ಲಿ ರೋಗಿ ರಾತ್ರಿ ಗಂಟೆಗೊಮ್ಮೆ ಎದ್ದು ಕುಳಿತು, ಹಗ್ಗದಂತೆ ಗಟ್ಟಿಯಾದ ಲೋಳೆಯನ್ನು ಬಟ್ಟೆಯಿಂದ ಎಳೆದು ತೆಗೆದು, ಮುಕ್ಕಳಿಸಿ, ಮತ್ತೆ ಮಲಗಬೇಕಾಗುತ್ತದೆ. ಪಕ್ಕದಲ್ಲಿರುವವರು ಇದನ್ನು ಅಸಹ್ಯವೆಂದು ಮುಖ ತಿರುಗಿಸಬಾರದು, ಅತಿಯಾಗಿ ಆಡುತ್ತಿದ್ದಾರೆ ಎಂದೂ ತಿಳಿಯಬಾರದು. ನಿದ್ದೆಗೆಟ್ಟು, ಊಟ ಸೇರದೆ ತೂಕ ಇಳಿಯುವುದಕ್ಕೆ ಗಂಟಲಿನ ಹುಣ್ಣಿನ ನೋವಿನಷ್ಟೇ ಈ ಅಂಟೂ ಕಾರಣವಾಗುತ್ತದೆ.

ಶೋಗ್ರೆನ್ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಲಾಲಾಗ್ರಂಥಿ ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಎರಗುತ್ತದೆ. 1933ರಲ್ಲಿ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಇದನ್ನು ವಿವರವಾಗಿ ದಾಖಲಿಸಿದರು. ಪುರುಷರಿಗಿಂತ ಮಹಿಳೆಯರಲ್ಲಿ ಬಹಳ ಹೆಚ್ಚು. ಎಂಜಲು ಅಂಟಾಗುವುದರ ಜೊತೆಗೆ ಕಣ್ಣಿನಲ್ಲಿ ಮರಳು ಬಿದ್ದಂತೆ ಒತ್ತುತ್ತಿದ್ದರೆ, ಕೀಲುಗಳು ನೋಯುತ್ತಿದ್ದರೆ, ಬಿಡದ ಆಯಾಸವಿದ್ದರೆ ಈ ದಿಕ್ಕಿನಲ್ಲಿ ಪರೀಕ್ಷೆಯಾಗಬೇಕು.

ನರಸಂಬಂಧಿ ಕಾಯಿಲೆಗಳಲ್ಲಿ ಲೆಕ್ಕಾಚಾರ ಇನ್ನೂ ಸೂಕ್ಷ್ಮವಾದದ್ದು. ಪಾರ್ಕಿನ್ಸನ್ ಕಾಯಿಲೆಯಲ್ಲಾಗಲಿ, ಎಎಲ್‌ಎಸ್ ಎಂಬ ಸ್ನಾಯುಗಳು ಸೊರಗುವ ಕಾಯಿಲೆಯಲ್ಲಾಗಲಿ ಜೊಲ್ಲು ಸುರಿಯುವುದು ಉತ್ಪಾದನೆ ಹೆಚ್ಚಾಗಿ ಅಲ್ಲ, ನುಂಗುವುದು ನಿಧಾನವಾಗಿ. ಸುರಿಯುವ ತೆಳು ಜೊಲ್ಲನ್ನು ನಿಲ್ಲಿಸಲು ಕೊಡುವ ಔಷಧಿ ಗಂಟಲಿನ ಹಿಂಭಾಗದ ಲೋಳೆಯನ್ನು ಇನ್ನೂ ಗಟ್ಟಿಯಾಗಿಸಬಹುದು. ಕೆಮ್ಮುವ ಶಕ್ತಿಯೇ ಕುಗ್ಗಿದವರಿಗೆ ಇದು ಉಸಿರಾಟಕ್ಕೇ ತೊಡಕು. ಆದ್ದರಿಂದ ತುಟಿಯಂಚಿನಿಂದ ಇಳಿಯುವ ತೆಳು ಜೊಲ್ಲು ಹೆಚ್ಚು ಕಾಡುತ್ತಿದೆಯೇ, ಗಂಟಲಲ್ಲಿ ನಿಂತ ಮಂದ ಲೋಳೆ ಹೆಚ್ಚು ಕಾಡುತ್ತಿದೆಯೇ ಎಂಬುದನ್ನು ಆರೈಕೆ ಮಾಡುವವರು ಗಮನಿಸಿ ವೈದ್ಯರಿಗೆ ಬಿಡಿಸಿ ಹೇಳಬೇಕು. ಇಂಥವರಿಗೆ ಹೀರುಯಂತ್ರ, ಕೆಮ್ಮಲು ನೆರವಾಗುವ ಯಂತ್ರ, ಲವಣಜಲವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ಗಳು ಮಾತ್ರೆಗಳಿಗಿಂತ ಹೆಚ್ಚಿನ ಉಪಕಾರ ಮಾಡುವುದುಂಟು.

ಬಾಯಿಯಲ್ಲಿರುವುದು ನಿಜವಾಗಿ ಎಂಜಲೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಮೂಗಿನ ಹಿಂಭಾಗದಿಂದ ಗಂಟಲಿಗೆ ಇಳಿಯುವ ಸಿಂಬಳವೂ ಅಂಟಾಗಿಯೇ ಇರುತ್ತದೆ. ಪದೇಪದೇ ಗಂಟಲು ಕೆರೆದು ಕ್ಯಾಕರಿಸಬೇಕೆನಿಸುವುದು, ಮೂಗು ಕಟ್ಟಿರುವುದು, ಬಂದ ಲೋಳೆ ಹಳದಿ ಅಥವಾ ಹಸಿರಾಗಿರುವುದು ಇವು ಮೂಗು ಇಲ್ಲವೆ ಸೈನಸ್ಸಿನತ್ತ ಬೆರಳು ತೋರಿಸುತ್ತವೆ. ಹೊಟ್ಟೆಯ ಆಮ್ಲ ಗಂಟಲಿಗೆ ಮರಳಿ ಬರುವವರಿಗೂ ಇಂಥದೇ ಅನುಭವವಾಗುತ್ತದೆ. ನಾಲಿಗೆ, ಕೆನ್ನೆಗಳು ಒಣಗಿ ಅಂಟುತ್ತಿದ್ದರೆ, ಒಣ ಆಹಾರವನ್ನು ನೀರಿಲ್ಲದೆ ನುಂಗಲಾಗದಿದ್ದರೆ ತೊಂದರೆ ಲಾಲಾರಸದ್ದೇ ಇರಬಹುದು. ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು ಇಲ್ಲಿ ಹೇಳಬಹುದು: ಹಾಲಿನ ಕೊಬ್ಬಿನ ಕಣಗಳು ಎಂಜಲಿನೊಂದಿಗೆ ಬೆರೆತು ಕ್ಷಣಕಾಲ ಬಾಯಿಯಲ್ಲಿ ಒಂದು ಪದರ ಕಟ್ಟಿದಂತೆ ಮಾಡುತ್ತವೆ, ಲೋಳೆಯ ಉತ್ಪಾದನೆಯನ್ನು ಹೆಚ್ಚಿಸುವುದಿಲ್ಲ. ತೂಕ ಕಳೆದುಕೊಳ್ಳುತ್ತಿರುವ ರೋಗಿಗೆ ಹಾಲನ್ನು ನಿಲ್ಲಿಸುವ ಬದಲು ಕುಡಿದ ನಂತರ ಬಾಯಿ ಮುಕ್ಕಳಿಸಲು ಹೇಳುವುದು ಉತ್ತಮ.

ಅಳತೆ ಕಷ್ಟವೇನಲ್ಲ. ರೋಗಿಯನ್ನು ಸುಮ್ಮನೆ ಕೂರಿಸಿ, ಬಾಯಿಗೆ ಬಂದ ಎಂಜಲನ್ನೆಲ್ಲ 15 ನಿಮಿಷ ಒಂದು ಅಳತೆಯ ಬಟ್ಟಲಿಗೆ ಬಿಡಿಸುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ 0.3 ಮಿಲಿಲೀಟರಿನ ಆಸುಪಾಸು ಬರಬೇಕು, 0.1 ಅಥವಾ ಅದಕ್ಕಿಂತ ಕಡಿಮೆ, ಅಂದರೆ 15 ನಿಮಿಷಕ್ಕೆ ಒಂದೂವರೆ ಮಿಲಿಲೀಟರಿನೊಳಗೆ ಬಂದರೆ, ಸ್ರಾವ ಕುಸಿದಿದೆ ಎಂದೇ ಅರ್ಥ. ದಂತವೈದ್ಯರ ಪುಟ್ಟ ಕನ್ನಡಿ ಕೆನ್ನೆಯ ಒಳಭಾಗಕ್ಕೆ ಅಂಟಿಕೊಂಡು ಜಾರದೆ ಹೋದರೂ ಅದೊಂದು ಸೂಚನೆ. ಅಗತ್ಯವಿದ್ದಲ್ಲಿ ರಕ್ತದ ಸಕ್ಕರೆ, ಶೋಗ್ರೆನ್‌ಗೆ ಸಂಬಂಧಿಸಿದ ಪ್ರತಿಕಾಯಗಳ ಪರೀಕ್ಷೆ, ತುಟಿಯ ಒಳಗಿನ ಸಣ್ಣ ಗ್ರಂಥಿಯ ಬಯಾಪ್ಸಿ ಮಾಡಿಸುತ್ತಾರೆ.

ಉಪಾಯಗಳಿಗೆ ಬಂದರೆ ಮೊದಲನೆಯದು ನೀರು, ಆದರೆ ಕುಡಿಯುವ ಕ್ರಮ ಮುಖ್ಯ. ಒಮ್ಮೆಗೇ ಅರ್ಧ ಲೀಟರು ಕುಡಿದು ಮೂರು ಗಂಟೆ ಸುಮ್ಮನಿರುವುದಕ್ಕಿಂತ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಗುಟುಕು ಬಾಯಿಯಲ್ಲಿ ಆಡಿಸಿ ನುಂಗುವುದು ಹೆಚ್ಚು ಫಲಕಾರಿ. ಮೂತ್ರ ತಿಳಿ ಹಳದಿಯಾಗಿದ್ದರೆ ದೇಹಕ್ಕೆ ನೀರು ಸಾಕಾಗಿದೆ ಎಂದು ತಿಳಿಯಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿ ಇರುವವರು ಆ ಮಿತಿಯನ್ನು ಮೀರದೆ, ಪುಟ್ಟ ಸಿಂಪಡಿಕೆಯ ಬಾಟಲಿಯಿಂದ ನಾಲಿಗೆಯನ್ನು ತೇವಗೊಳಿಸಬಹುದು, ಐಸಿನ ಚೂರನ್ನು ಚೀಪಬಹುದು. ಊಟದಲ್ಲಿ ಪ್ರತಿ ತುತ್ತೂ ದ್ರವ ಬೆರೆತು ಮೆತ್ತಗಿರಬೇಕು. ಮಲಗುವ ಕೋಣೆಯಲ್ಲಿ ತೇವ ಹೆಚ್ಚಿಸುವ ಯಂತ್ರವಿಟ್ಟರೆ ಬೆಳಗಿನ ಅಂಟು ಗಮನಾರ್ಹವಾಗಿ ತಗ್ಗುತ್ತದೆ, ಆದರೆ ಅದರ ತೊಟ್ಟಿಯನ್ನು ದಿನವೂ ತೊಳೆಯದಿದ್ದರೆ ಬೂಷ್ಟು ಮತ್ತು ರೋಗಾಣುಗಳನ್ನು ಗಾಳಿಗೆ ಹರಡುವ ಯಂತ್ರವಾಗಿಬಿಡುತ್ತದೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಸುಲಭವೂ ಹೆಚ್ಚು ನೆಚ್ಚಬಹುದಾದದ್ದೂ ಅಡುಗೆ ಸೋಡಾದ ಮುಕ್ಕಳಿಕೆ. ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿಲಿಲೀಟರು, ಉಗುರುಬೆಚ್ಚಗಿನ ನೀರಿಗೆ ಕಾಲು ಟೀಚಮಚ ಅಡುಗೆ ಸೋಡಾ ಮತ್ತು ಅದರ ಅರ್ಧದಷ್ಟು ಉಪ್ಪು ಹಾಕಿ ಕರಗಿಸಿ, ಒಂದೊಂದು ಗುಟುಕನ್ನೂ ಅರ್ಧ ನಿಮಿಷ ಬಾಯಿಯ ಮೂಲೆಮೂಲೆಗೂ ಆಡಿಸಿ ಉಗುಳಬೇಕು. ಕೊನೆಗೆ ಬರಿಯ ನೀರಿನಿಂದ ಮುಕ್ಕಳಿಸಬೇಕು. ಊಟಕ್ಕೆ ಮುಂಚೆ, ಊಟದ ನಂತರ, ಮಲಗುವ ಮುನ್ನ, ರಾತ್ರಿ ಎಚ್ಚರವಾದಾಗ ಹೀಗೆ ಎಷ್ಟು ಸಲವಾದರೂ ಮಾಡಬಹುದು, ನುಂಗಬಾರದು ಅಷ್ಟೆ. ಇದು ಕೆಲಸ ಮಾಡುವುದಕ್ಕೆ ಕಾರಣವಿದೆ. ಗ್ರಂಥಿಯ ಕೋಶಗಳೊಳಗೆ ಮ್ಯೂಸಿನ್ ಕ್ಯಾಲ್ಸಿಯಮ್ಮಿನ ನೆರವಿನಿಂದ ಬಿಗಿಯಾಗಿ ಮಡಚಿಕೊಂಡಿರುತ್ತದೆ. ಹೊರಬಂದಾಗ ಬೈಕಾರ್ಬೊನೇಟ್ ಆ ಕ್ಯಾಲ್ಸಿಯಮ್ಮನ್ನು ಬಿಡಿಸಿ ನೂಲು ಬಿಚ್ಚಿಕೊಂಡು ನೀರನ್ನು ಹೀರಿಕೊಳ್ಳಲು ಅನುವು ಮಾಡಿಕೊಡುತ್ತದೆ. ಸ್ರಾವ ಕುಸಿದಾಗ ಲಾಲಾರಸದ ಸ್ವಂತ ಬೈಕಾರ್ಬೊನೇಟೂ ಕುಸಿಯುತ್ತದೆ, ಬಾಯಿ ಆಮ್ಲೀಯವಾಗುತ್ತದೆ. ಅಡುಗೆ ಸೋಡಾ ಎಂದರೆ ಸೋಡಿಯಮ್ ಬೈಕಾರ್ಬೊನೇಟೇ ಆದ್ದರಿಂದ ಕಳೆದುಹೋದದ್ದನ್ನು ಹೊರಗಿನಿಂದ ತುಂಬಿದಂತಾಗುತ್ತದೆ. ಆಲ್ಕೋಹಾಲ್ ಇರುವ ಘಾಟಿನ ಮೌತ್‌ವಾಶ್‌ಗಳು ಕ್ಷಣಕಾಲ ಹಿತವೆನಿಸಿದರೂ ಬಾಯಿಯನ್ನು ಮತ್ತಷ್ಟು ಒಣಗಿಸುತ್ತವೆ.

ಗ್ರಂಥಿಗಳಲ್ಲಿ ಇನ್ನೂ ಶಕ್ತಿ ಉಳಿದಿದ್ದರೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯುವುದು ಒಳ್ಳೆಯದು, ಏಕೆಂದರೆ ಜಗಿಯುವಿಕೆ ಕೆನ್ನೆಯ ಗ್ರಂಥಿಯ ನೀರನ್ನೇ ಹೊರತರುತ್ತದೆ. ನುಂಗಲು ತೊಂದರೆ ಇರುವವರು ಮಾತ್ರ ಇದನ್ನು ಮಾಡಬಾರದು. ಹುಳಿ ಪೆಪ್ಪರಮೆಂಟುಗಳಿಂದ ಬಾಯಲ್ಲಿ ನೀರೂರುವುದು ನಿಜವಾದರೂ ಎಂಜಲಿನ ರಕ್ಷಣೆ ಕಳೆದುಕೊಂಡ ಹಲ್ಲಿಗೆ ಆ ಆಮ್ಲ ಕೇಡು. ಔಷಧಿ ಅಂಗಡಿಯಲ್ಲಿ ಸಿಗುವ ಕೃತಕ ಲಾಲಾರಸದ ಜೆಲ್ ಮತ್ತು ಸ್ಪ್ರೇಗಳು ಮಲಗುವ ಮುನ್ನ ಹಚ್ಚಿಕೊಳ್ಳಲು ಅನುಕೂಲ. ಪಿಲೋಕಾರ್ಪಿನ್ ಎಂಬ ಮಾತ್ರೆ ಉಳಿದ ಗ್ರಂಥಿಕೋಶಗಳನ್ನು ಪ್ರಚೋದಿಸುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಮ್‌ನಂತೆ ದಿನಕ್ಕೆ ಮೂರು ಬಾರಿ ಕೊಡುತ್ತಾರೆ, ಬೆವರುವುದು ಅದರ ಸಾಮಾನ್ಯ ಅಡ್ಡಪರಿಣಾಮ, ಹತೋಟಿಯಲ್ಲಿಲ್ಲದ ಅಸ್ತಮಾ ಮತ್ತು ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಲೋಳೆ ಕರಗಿಸುವ ಗ್ವಾಯ್ಫೆನಿಸಿನ್, ಅಸಿಟೈಲ್‌ಸಿಸ್ಟೀನ್‌ನಂಥವುಗಳಿಂದ ಕೆಲವರಿಗೆ ಆರಾಮವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಮೈಯಲ್ಲಿ ನೀರೇ ಇಲ್ಲದಾಗ ಇವುಗಳಿಂದ ಹೆಚ್ಚೇನನ್ನೂ ನಿರೀಕ್ಷಿಸಲಾಗದು.

ಹಲ್ಲುಗಳನ್ನು ಮರೆಯಬಾರದು. ಎಂಜಲು ಆಮ್ಲವನ್ನು ತೊಳೆದು ಖನಿಜಗಳನ್ನು ಮರಳಿ ಕೊಡುತ್ತಿದ್ದುದು ನಿಂತಾಗ ವಸಡಿನಂಚಿನಲ್ಲಿ, ಸಾಮಾನ್ಯವಾಗಿ ಹುಳುಕಾಗದ ಜಾಗದಲ್ಲಿ, ಕೆಲವೇ ತಿಂಗಳಲ್ಲಿ ಸಾಲುಸಾಲಾಗಿ ಹುಳುಕು ಕಾಣಿಸಿಕೊಳ್ಳಬಹುದು. ದಿನಕ್ಕೆರಡು ಬಾರಿ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದು, ಹೆಚ್ಚು ಫ್ಲೋರೈಡಿನ ಜೆಲ್ ಬೇಕೇ ಎಂದು ದಂತವೈದ್ಯರನ್ನು ಕೇಳುವುದು, ಕೃತಕ ದಂತಪಂಕ್ತಿಯನ್ನು ರಾತ್ರಿ ತೆಗೆದಿಡುವುದು ಇಲ್ಲಿ ಕಡ್ಡಾಯ. ನಾಲಿಗೆ ಉರಿಯುತ್ತಾ ಕೆಂಪಾಗಿದ್ದರೆ ಅಥವಾ ಕೆನ್ನೆಯೊಳಗೆ ಬಿಳಿ ಮಚ್ಚೆಗಳಿದ್ದರೆ ಶಿಲೀಂಧ್ರದ ಸೋಂಕಾಗಿರಬಹುದು, ಅದಕ್ಕೆ ಬೇರೆಯೇ ಔಷಧಿಯುಂಟು.

ಊಟಕ್ಕೆ ಕುಳಿತ ಕೂಡಲೇ ದವಡೆಯ ಕೆಳಗೆ ಗಂಟು ಎದ್ದು ನೋವು ಬಂದು, ಊಟವಾದ ಮೇಲೆ ಇಳಿಯುತ್ತಿದ್ದರೆ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಲಾಲಾಗ್ರಂಥಿಯ ಕಲ್ಲುಗಳಲ್ಲಿ ಸುಮಾರು ಶೇ. 80ರಷ್ಟು ಕೆಳದವಡೆಯ ಗ್ರಂಥಿಯಲ್ಲೇ ಆಗುತ್ತವೆ, ಏಕೆಂದರೆ ಅದರ ರಸ ಮಂದವಾದದ್ದು, ಉದ್ದನೆಯ ನಾಳದಲ್ಲಿ ಮೇಲ್ಮುಖವಾಗಿ ಹರಿಯಬೇಕಾದದ್ದು. ಇದಕ್ಕೆ ಕೆಲವು ದಿನಗಳಲ್ಲಿ ವೈದ್ಯರನ್ನು ಕಂಡರೆ ಸಾಕು. ಆದರೆ ಊತದೊಂದಿಗೆ ಜ್ವರ ಬಂದರೆ, ಬಾಯಿಗೆ ಕೀವು ಬಂದರೆ ಅಂದೇ ಹೋಗಬೇಕು. ಇದ್ದಕ್ಕಿದ್ದಂತೆ ಸ್ವಂತ ಎಂಜಲನ್ನೂ ನುಂಗಲಾಗದೆ ಹೊರಸುರಿಯತೊಡಗಿದರೆ, ಮಾತು ತೊದಲಿದರೆ, ಮುಖ ಒಂದು ಬದಿಗೆ ಜೋತುಬಿದ್ದರೆ, ಲೋಳೆ ಗಂಟಲಿಗೆ ಅಡ್ಡಬಂದು ಉಸಿರು ಕಟ್ಟುತ್ತಿದ್ದರೆ ಮುಕ್ಕಳಿಸುತ್ತಾ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೊರಡಬೇಕು. ಹೊರಡುವ ತನಕ ರೋಗಿಯನ್ನು ಅಂಗಾತ ಮಲಗಿಸದೆ, ಎಚ್ಚರವಿದ್ದರೆ ಮುಂದಕ್ಕೆ ಬಾಗಿಸಿ ಕೂರಿಸಿ, ಇಲ್ಲವಾದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಯಂಚಿಗೆ ಬಂದ ಲೋಳೆಯನ್ನು ಬಟ್ಟೆಯಿಂದ ಒರೆಸುತ್ತಿರಬೇಕು.